ಓಡುವ ಬೆಲ್ಟಿನ ಅಡಿಗೆ ಸಲಿಕೆ ಹಿಡಿದು ಯಾರೂ ಹೋಗಬಾರದು: ಕಾರ್ಖಾನೆ ಇಲಾಖೆಗೆ ಬಹಿರಂಗ ಪತ್ರ

ಗೆ,
ಮಾನ್ಯ ನಿರ್ದೇಶಕರು,
ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ,
ಬೆಂಗಳೂರು.

ವಿಷಯ: ಕನ್ವೇಯರ್ ಬೆಲ್ಟುಗಳ ತಪಾಸಣೆಯಲ್ಲಿ ದಿನನಿತ್ಯದ ನಿರ್ವಹಣೆಯನ್ನೂ ಪರಿಶೀಲಿಸುವ ಬಗ್ಗೆ.

ಮಾನ್ಯರೇ,

ರಾಯಚೂರಿನ ಶಕ್ತಿನಗರ ಮತ್ತು ಬಳ್ಳಾರಿಯ ಕುಡತಿನಿಯ ವಿದ್ಯುತ್ ಸ್ಥಾವರಗಳಿಗೆ ಕಲ್ಲಿದ್ದಲು ಏರುವುದು ಕನ್ವೇಯರ್ ಬೆಲ್ಟಿನ ಮೇಲೆ, ಅಂದರೆ ಮಾಲು ಹೊತ್ತು ಸುತ್ತುತ್ತ ಓಡುವ ರಬ್ಬರ್ ಪಟ್ಟಿಯ ಮೇಲೆ. ಸಂಡೂರು, ತೋರಣಗಲ್ಲಿನ ಅದಿರು, ಸೇಡಂ, ವಾಡಿಯ ಸುಣ್ಣದ ಕಲ್ಲು, ಬೆಳಗಾವಿ, ಬಾಗಲಕೋಟೆ, ಮಂಡ್ಯದ ಸಕ್ಕರೆ ಕಾರ್ಖಾನೆಗಳ ಬಗಾಸ್ (ಕಬ್ಬಿನ ಸಿಪ್ಪೆ), ಊರಾಚೆಯ ಕ್ರಷರ್‌ಗಳ ಜಲ್ಲಿ ಎಲ್ಲವೂ ಸಾಗುವುದು ಹಾಗೆಯೇ. ರಾಜ್ಯದ ಯಾವ ಜಿಲ್ಲೆಗೆ ಹೋದರೂ ಕನ್ವೇಯರ್ ಇದೆ. ಅದರ ಟೇಲ್ ಎಂಡ್‌ನಲ್ಲಿ ಅಂದರೆ ಮಾಲು ಹತ್ತುವ ಹಿಂದಿನ ತುದಿಯಲ್ಲಿ, ಸಲಿಕೆ ಹಿಡಿದು ನಿಂತ ಒಬ್ಬ ಗುತ್ತಿಗೆ ಕಾರ್ಮಿಕನೂ ಇರುತ್ತಾನೆ. ಈ ಪತ್ರ ಅವನ ಬಗ್ಗೆ.

ಬೆಲ್ಟಿಗೆ ಸಿಕ್ಕಿ ಕೈ ಹೋಯಿತು, ಜೀವ ಹೋಯಿತು ಎಂದಾಗ ತನಿಖೆ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳಿ ನಿಲ್ಲುತ್ತದೆ: ಗಾರ್ಡ್ (ಯಂತ್ರಕ್ಕೆ ಕೈ ಸಿಗದಂತೆ ತಡೆಯುವ ಕವಚ) ಇತ್ತೇ? ಕಾರ್ಮಿಕ ಎಚ್ಚರ ತಪ್ಪಿದನೇ? ಅವನು ಅಲ್ಲಿಗೆ ಹೋಗಬೇಕಾದದ್ದಾದರೂ ಏಕೆ ಎಂಬ ಮೂರನೆಯ ಪ್ರಶ್ನೆ ಕಡತಕ್ಕೆ ಬರುವುದೇ ಇಲ್ಲ. ಅವನು ಹೋದದ್ದು ಅಲ್ಲಿ ಮಾಲು ಬಿದ್ದು ರಾಶಿಯಾಗಿದ್ದರಿಂದ. ಮಾಲು ಬಿದ್ದದ್ದು ಬೆಲ್ಟಿಗೆ ಅಂಟಿದ ಪುಡಿ ಕೆರೆಯುವ ಸ್ಕ್ರೇಪರ್ ಸವೆದದ್ದರಿಂದ, ಮಾಲು ಪಕ್ಕಕ್ಕೆ ಚೆಲ್ಲದಂತೆ ತಡೆಯುವ ಸ್ಕರ್ಟ್ ರಬ್ಬರ್ ಹರಿದದ್ದರಿಂದ, ಬೆಲ್ಟು ಒಂದು ಪಕ್ಕಕ್ಕೆ ಸರಿದು ಓಡುತ್ತಿದ್ದರಿಂದ. ಇವು ಒಂದೇ ದಿನದಲ್ಲಿ ಆಗುವ ಕೆಡುಕಲ್ಲ, ವಾರಗಟ್ಟಲೆ ಎಲ್ಲರ ಕಣ್ಣೆದುರೇ ಬೆಳೆದದ್ದು. ಆದ್ದರಿಂದ ನಿಮ್ಮ ನಿರೀಕ್ಷಕರು ಗಾರ್ಡಿನ ಜೊತೆಗೆ ಬೆಲ್ಟಿನ ಆರೋಗ್ಯವನ್ನೂ ನೋಡಬೇಕು ಎಂಬುದು ನಮ್ಮ ಬೇಡಿಕೆ. ಏನು ನೋಡಬೇಕು, ಹೇಗೆ ನೋಡಬೇಕು ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇವೆ. ಕಾರ್ಖಾನೆಗಳ ಮ್ಯಾನೇಜರುಗಳು, ಶಿಫ್ಟ್ ಇಂಜಿನಿಯರುಗಳು, ಬೆಲ್ಟ್ ಅಟೆಂಡರುಗಳು ಇದನ್ನು ತಮಗೇ ಬರೆದದ್ದೆಂದು ಓದಿಕೊಳ್ಳಬಹುದು.

ಮೊದಲು ಅಪಾಯ ಇರುವ ಜಾಗ. ಕೆಳಗಿನಿಂದ ವಾಪಸ್ ಬರುವ ಬೆಲ್ಟು, ಹಿಂದಿನ ತುದಿಯ ದೊಡ್ಡ ಉರುಳೆಯಾದ ಟೇಲ್ ಪುಲ್ಲಿಯನ್ನು ಅದರ ತಳಭಾಗದಲ್ಲಿ ಮುಟ್ಟಿ ಸುತ್ತಿಕೊಳ್ಳುತ್ತದೆ. ಒಳಕ್ಕೆ ಎಳೆದುಕೊಳ್ಳುವ ಸಂದು ಅದೇ. ಪುಡಿ ಬಿದ್ದು ಕೂರುವುದೂ ಅಲ್ಲೇ, ಸಲಿಕೆ ಹೋಗುವುದೂ ಅಲ್ಲಿಗೇ. ಬೆಲ್ಟಿನ ವೇಗ ಸೆಕೆಂಡಿಗೆ 2 ಮೀಟರ್ ಎಂದಿಟ್ಟುಕೊಳ್ಳಿ. ಸಲಿಕೆಯ ತುದಿ ಸಿಕ್ಕಿಕೊಂಡ ಅರ್ಧ ಸೆಕೆಂಡಿನಲ್ಲಿ ಬೆಲ್ಟು 1 ಮೀಟರ್ ಮುಂದೆ ಹೋಗಿರುತ್ತದೆ. ಸಲಿಕೆಯ ಹಿಡಿಯ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಬಿಟ್ಟುಬಿಡಬೇಕು ಎಂದು ಹೊಳೆಯುವಷ್ಟರಲ್ಲಿ ಕೈ ಪುಲ್ಲಿಯ ಹತ್ತಿರ ಇರುತ್ತದೆ. ಪಕ್ಕದಲ್ಲಿದ್ದವನು ತುರ್ತು ನಿಲುಗಡೆಗೆಂದು ಬೆಲ್ಟಿನ ಉದ್ದಕ್ಕೂ ಕಟ್ಟಿದ ಹಗ್ಗ, ಅಂದರೆ ಪುಲ್ ಕಾರ್ಡ್, ಎಳೆದರೂ ಬೆಲ್ಟು ಆ ಕ್ಷಣವೇ ನಿಲ್ಲುವುದಿಲ್ಲ. ಸಮತಟ್ಟಾದ, ಮಾಲು ತುಂಬಿದ ಉದ್ದನೆಯ ಬೆಲ್ಟು ಮೋಟಾರ್ ಆಫ್ ಆದ ಮೇಲೂ ಹಲವು ಸೆಕೆಂಡು ಓಡುತ್ತದೆ. ಸಂದಿಗೆ ಕೈ ಹೋದವನನ್ನು ಪುಲ್ ಕಾರ್ಡ್ ಉಳಿಸುವುದಿಲ್ಲ. ಕೈ ಅಲ್ಲಿಗೆ ಹೋಗದಂತೆ ತಡೆಯುವ ಗಾರ್ಡ್ ಮತ್ತು ಅಲ್ಲಿಗೆ ಹೋಗುವ ಕೆಲಸವೇ ಇಲ್ಲದಂತೆ ಮಾಡುವ ನಿರ್ವಹಣೆ, ಉಳಿಸುವುದು ಈ ಎರಡೇ.

ವಾಪಸ್ ಬರುವ ಬೆಲ್ಟನ್ನು ಹೊರುವ ರಿಟರ್ನ್ ರೋಲರುಗಳೂ ಇದಕ್ಕೆ ಹೊರತಲ್ಲ. ವಾಕ್‌ವೇಯಿಂದ ಕೈಗೆಟುಕುವ ಎತ್ತರದಲ್ಲಿರುವ ಪ್ರತಿ ರಿಟರ್ನ್ ರೋಲರಿಗೂ ಒಂದು ಸಂದು ಇದೆ. ರೋಲರಿಗೆ ಮೆತ್ತಿದ ಮಣ್ಣನ್ನು ಬೆಲ್ಟು ಓಡುತ್ತಿರುವಾಗಲೇ ಕಬ್ಬಿಣದ ಪಟ್ಟಿಯಿಂದ ಕೆರೆಯುವ ಅಭ್ಯಾಸ ನಮ್ಮಲ್ಲಿ ಎಷ್ಟು ಸಾಮಾನ್ಯ ಎಂದರೆ, ಅದನ್ನು ಕಲಿಸಿಕೊಡುವ ಹಳೆಯ ಕೈಗಳೂ ಇವೆ. ಇದು ನಿಲ್ಲಲೇಬೇಕು.

ಈಗ ಮಾಲು ಬೀಳುವುದೇಕೆ ಎಂಬ ಮಾತಿಗೆ ಬರೋಣ. ಮುಂದಿನ ತುದಿಯ ಹೆಡ್ ಪುಲ್ಲಿಯಲ್ಲಿ ಮಾಲು ಸುರಿದ ಮೇಲೂ ಬೆಲ್ಟಿಗೆ ಅಂಟಿದ ಪುಡಿ ವಾಪಸ್ ಬರುತ್ತದೆ. ಅದನ್ನು ತೆಗೆಯಲು ಹೆಡ್ ಪುಲ್ಲಿಯ ಮುಖದ ಮೇಲೆ ಒಂದು ಪ್ರೈಮರಿ ಸ್ಕ್ರೇಪರ್, ಬೆಲ್ಟು ಪುಲ್ಲಿ ಬಿಟ್ಟ ಕೂಡಲೇ ಒಂದು ಸೆಕೆಂಡರಿ ಸ್ಕ್ರೇಪರ್ ಬೇಕು. ಟೇಲ್ ಪುಲ್ಲಿಗೆ ಸ್ವಲ್ಪ ಮೊದಲು, ಬೆಲ್ಟಿನ ಒಳಮೈ ಮೇಲೆ ವಿ ಆಕಾರದ ಪ್ಲೋ ಬೇಕು. ರಿಟರ್ನ್ ಬೆಲ್ಟಿನ ಮೇಲೆ ಬಿದ್ದ ಕಲ್ಲು ಪುಲ್ಲಿಗೂ ಬೆಲ್ಟಿಗೂ ನಡುವೆ ಸಿಕ್ಕದಂತೆ ಅದು ಹೊರಗೆ ತಳ್ಳುತ್ತದೆ. ಪ್ಲೋಗೆ ಚೈನು ಕಟ್ಟಿರಲೇಬೇಕು, ಇಲ್ಲದಿದ್ದರೆ ಪಿನ್ನು ಮುರಿದ ದಿನ ಪ್ಲೋ ತಾನೇ ಪುಲ್ಲಿಯೊಳಗೆ ಹೋಗಿ ಬೆಲ್ಟು ಸೀಳುತ್ತದೆ.

ಸ್ಕ್ರೇಪರ್ ಬ್ಲೇಡನ್ನು ಒಮ್ಮೆ ಕೂರಿಸಿ ಮರೆಯುವಂತಿಲ್ಲ. ಪಾಲಿಯುರೇಥೇನ್ ಬ್ಲೇಡು ಸವೆದಂತೆಲ್ಲ ಒತ್ತಡ ಕಡಿಮೆಯಾಗುತ್ತದೆ, ಟೆನ್ಷನರ್ ತಿರುಗಿಸಿ ಮತ್ತೆ ಕೂರಿಸಬೇಕು. ವಾರಕ್ಕೊಮ್ಮೆ ಇದು ಕಡ್ಡಾಯ. ಜಿಗುಟು ಮಾಲಾದರೆ ಮಳೆಗಾಲದಲ್ಲಿ ಇನ್ನೂ ಬೇಗ. ಬ್ಲೇಡು ಸರಿ ಇದೆಯೋ ಇಲ್ಲವೋ ತಿಳಿಯಲು ಹತ್ತಿರ ಹೋಗಬೇಕಾಗಿಲ್ಲ. ಗಾರ್ಡಿನ ಆಚೆಯಿಂದಲೇ ರಿಟರ್ನ್ ಬೆಲ್ಟನ್ನು ನೋಡಿ: ಮೈತುಂಬ ತೆಳು ಪುಡಿ ಇದ್ದರೆ ಒತ್ತಡ ಸಾಲದು, ಒಂದೇ ಒಂದು ಗೆರೆಯಾಗಿ ಪುಡಿ ಬರುತ್ತಿದ್ದರೆ ಆ ಗೆರೆಯ ಜಾಗದಲ್ಲಿ ಬ್ಲೇಡು ಚಕ್ಕೆ ಎದ್ದಿದೆ. ಒತ್ತಡ ಹೆಚ್ಚಿಸಿದರೆ ಹೆಚ್ಚು ಸ್ವಚ್ಛ ಎಂದು ಬಿಗಿದರೆ ಬ್ಲೇಡು ಕಾದು ಬೇಗ ಸವೆಯುತ್ತದೆ, ಬೆಲ್ಟಿನ ಮೇಲ್ಪದರವೂ ಸವೆಯುತ್ತದೆ.

ಇಲ್ಲಿ ಒಂದು ಕೊಂಡಿ ಇದೆ, ನಿರೀಕ್ಷಕರು ಗಮನಿಸಬೇಕು. ಬೆಲ್ಟು ಹರಿದಾಗ ತುರ್ತಿಗೆಂದು ಕಬ್ಬಿಣದ ಫಾಸ್ಟ್‌ನರ್ ಹಾಕಿ ಜಾಯಿಂಟ್ ಮಾಡುತ್ತಾರೆ. ಫಾಸ್ಟ್‌ನರಿನ ತಲೆ ಪ್ರತಿ ಸುತ್ತಿನಲ್ಲೂ ಸ್ಕ್ರೇಪರಿಗೆ ಬಡಿಯುತ್ತದೆ. ಬಡಿಯಬಾರದೆಂದು ಸ್ಕ್ರೇಪರನ್ನು ಸಡಿಲಿಸಿ ಕೆಳಗಿಳಿಸುತ್ತಾರೆ. ಅಂದಿನಿಂದ ಪುಡಿ ಟೇಲಿಗೆ ಬರುತ್ತದೆ, ಟೇಲಿಗೆ ಒಬ್ಬ ಹೆಲ್ಪರ್ ಹೋಗುತ್ತಾನೆ. ಮೂರು ದಿನಕ್ಕೆಂದು ಹಾಕಿದ ಫಾಸ್ಟ್‌ನರ್ ಮೂರು ತಿಂಗಳು ಉಳಿಯುತ್ತದೆ. ಟೇಲಿನ ಅಪಘಾತಕ್ಕೆ ಹೆಡ್ಡಿನ ಸ್ಕ್ರೇಪರ್ ಕಾರಣ, ಸ್ಕ್ರೇಪರಿಗೆ ಜಾಯಿಂಟ್ ಕಾರಣ.

ಮಾಲು ಬೀಳುವ ಇನ್ನೊಂದು ಜಾಗ ಲೋಡಿಂಗ್ ಪಾಯಿಂಟ್. ಶೂಟಿನಿಂದ (ಮಾಲು ಇಳಿದು ಬರುವ ಕೊಳವೆ) ಮಾಲು ಬೆಲ್ಟಿನ ನಡುವಿಗೆ, ಬೆಲ್ಟು ಓಡುವ ದಿಕ್ಕಿಗೇ ಬೀಳಬೇಕು. ಎರಡೂ ಪಕ್ಕದ ಸ್ಕರ್ಟ್ ಪ್ಲೇಟುಗಳ ನಡುವಿನ ಅಂತರ ಬೆಲ್ಟಿನ ಅಗಲದ ಮೂರನೇ ಎರಡರಷ್ಟು. ಪ್ಲೇಟಿನ ಕೆಳ ಅಂಚಿಗೂ ಬೆಲ್ಟಿಗೂ ಇರುವ ಸಂದು, ಬೆಲ್ಟು ಓಡುವ ದಿಕ್ಕಿನಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತ ಹೋಗಬೇಕು. ಆಗ ಒಳಗೆ ಸಿಕ್ಕ ಕಲ್ಲು ಮುಂದಕ್ಕೆ ಹೋದಂತೆ ಬಿಡಿಸಿಕೊಳ್ಳುತ್ತದೆ. ಸಂದು ಮುಂದೆ ಕಿರಿದಾದರೆ ಕಲ್ಲು ಬೆಣೆಯಾಗಿ ಕೂತು ಬೆಲ್ಟಿನ ಉದ್ದಕ್ಕೂ ಗೆರೆ ಕೊರೆಯುತ್ತದೆ. ಮಾಲು ಬೀಳುವ ಕಡೆ ಇಂಪ್ಯಾಕ್ಟ್ ರೋಲರುಗಳು 300ರಿಂದ 450 ಮಿ.ಮೀ.ಗೆ ಒಂದರಂತೆ ಒತ್ತಾಗಿರಬೇಕು. ಒಂದು ಜಾಮ್ ಆಗಿ ತೆಗೆದು ಹಾಗೇ ಖಾಲಿ ಬಿಟ್ಟರೆ ಅಲ್ಲಿ ಬೆಲ್ಟು ಜೋತು ಸ್ಕರ್ಟಿನ ಕೆಳಗೆ ಬಾಯಿ ತೆರೆದುಕೊಳ್ಳುತ್ತದೆ.

ಸ್ಕರ್ಟ್ ರಬ್ಬರಿನ ಜಾಗಕ್ಕೆ ಹಳೆಯ ಬೆಲ್ಟನ್ನೇ ಕತ್ತರಿಸಿ ಹಾಕುವುದು ನಮ್ಮ ಕಾರ್ಖಾನೆಗಳಲ್ಲಿ ಮನೆಮನೆಯ ಪದ್ಧತಿ. ಅದರಲ್ಲಿ ಉಳಿತಾಯ ಇಲ್ಲ. ಬೆಲ್ಟಿನೊಳಗೆ ಬಟ್ಟೆಯ ಪದರ ಇದೆ. ಅದರ ಎಳೆಗಳ ನಡುವೆ ಮರಳು, ಅದಿರಿನ ಚೂರು ಸಿಕ್ಕಿಕೊಂಡು ಉಪ್ಪುಕಾಗದವಾಗಿ ಓಡುವ ಬೆಲ್ಟಿನ ಎರಡೂ ಅಂಚನ್ನು ತಿನ್ನುತ್ತದೆ. ಕೆಲವೇ ತಿಂಗಳಲ್ಲಿ ಎರಡು ಕಾಲುವೆ ಬೀಳುತ್ತವೆ. ಸ್ಕರ್ಟಿಗೆ ಹಾಕುವುದು ಬಟ್ಟೆಯಿಲ್ಲದ ಬರಿ ರಬ್ಬರ್ ಆಗಿರಬೇಕು, ಬೆಲ್ಟಿನ ಮೇಲ್ಪದರಕ್ಕಿಂತ ಮೆತ್ತಗಿರಬೇಕು, ಬೆಲ್ಟನ್ನು ಸೋಕಬೇಕು, ಒತ್ತಬಾರದು.

ಬೆಲ್ಟು ಪಕ್ಕಕ್ಕೆ ಸರಿಯುವುದಕ್ಕೆ ಒಂದೇ ಸೂತ್ರ ಇದೆ: ರೋಲರಿನ ಯಾವ ತುದಿಯನ್ನು ಬೆಲ್ಟು ಮೊದಲು ಮುಟ್ಟುತ್ತದೋ ಆ ತುದಿಯ ಕಡೆಗೆ ಅದು ಹೋಗುತ್ತದೆ. ಬೆಲ್ಟು ಎಡಕ್ಕೆ ಸರಿಯುತ್ತಿದ್ದರೆ, ಸರಿಯುವ ಜಾಗಕ್ಕೆ ಸ್ವಲ್ಪ ಹಿಂದಿನ ನಾಲ್ಕಾರು ಐಡ್ಲರುಗಳ (ಬೆಲ್ಟನ್ನು ಹೊರುವ ರೋಲರ್ ಸೆಟ್ಟುಗಳ) ಎಡ ತುದಿಯನ್ನು ಬೆಲ್ಟು ಓಡುವ ದಿಕ್ಕಿಗೆ ಕೊಂಚ ಮುಂದೆ ಮಾಡಬೇಕು. ಆಗ ಬೆಲ್ಟು ಬಲ ತುದಿಯನ್ನು ಮೊದಲು ಮುಟ್ಟಿ ನಡುವಿಗೆ ಬರುತ್ತದೆ. ಒಂದೊಂದಕ್ಕೂ ಕೆಲವೇ ಮಿ.ಮೀ. ಸಾಕು. ಆ ಮೇಲೆ ಬೆಲ್ಟು ಮೂರು ನಾಲ್ಕು ಸುತ್ತು ಓಡುವವರೆಗೆ ಕಾಯಬೇಕು. ಕಾಯದೆ ಮತ್ತೆ ಮತ್ತೆ ಹೊಡೆದು ಸರಿಸಿದರೆ ಇಡೀ ಸಾಲು ಸೊಟ್ಟಗಾಗುತ್ತದೆ. ಬೋಲ್ಟು ಸಡಿಲಿಸುವುದು, ಸರಿಸುವುದು ಎಲ್ಲ ಬೆಲ್ಟು ನಿಲ್ಲಿಸಿ, ವಿದ್ಯುತ್ತಿಗೆ ಬೀಗ ಹಾಕಿದ ಮೇಲೆ. ಓಡಿಸಿ ನೋಡುವುದು ದೂರದಿಂದ.

ಆದರೆ ಸ್ಪ್ಯಾನರ್ ಎತ್ತುವ ಮೊದಲು ಕಾರಣ ತಿಳಿಯಬೇಕು. ಬೆಲ್ಟಿನ ಒಂದೇ ಭಾಗ ಎಲ್ಲ ಕಡೆಯೂ ಪಕ್ಕಕ್ಕೆ ಹೋಗುತ್ತಿದ್ದರೆ ಐಡ್ಲರಿನ ತಪ್ಪಲ್ಲ, ಆ ಭಾಗದ ಜಾಯಿಂಟ್ ಸೊಟ್ಟಗಿದೆ ಅಥವಾ ಅಂಚು ಹರಿದಿದೆ. ಇಡೀ ಬೆಲ್ಟು ಒಂದೇ ಜಾಗದಲ್ಲಿ ಪಕ್ಕಕ್ಕೆ ಹೋಗುತ್ತಿದ್ದರೆ ಆ ಜಾಗದ ಐಡ್ಲರು, ಅದನ್ನು ಹೊತ್ತ ಉದ್ದನೆಯ ಕಬ್ಬಿಣದ ಚೌಕಟ್ಟು (ಸ್ಟ್ರಿಂಗರು) ಅಥವಾ ಅಡಿಪಾಯ ಕೆಟ್ಟಿದೆ. ಖಾಲಿ ಇದ್ದಾಗ ನೇರ ಓಡಿ ಮಾಲು ಬಿದ್ದಾಗ ಮಾತ್ರ ಸರಿದರೆ ಮಾಲು ನಡುವಿಗೆ ಬೀಳುತ್ತಿಲ್ಲ. ಮಳೆಗಾಲದಲ್ಲಿ ಮಾತ್ರ ಸರಿದರೆ ಬೆಲ್ಟನ್ನು ದೊಡ್ಡ ಪುಲ್ಲಿಗೆ ಒತ್ತಿ ಸುತ್ತಿಸುವ ಸ್ನಬ್ ಪುಲ್ಲಿಗೋ ರಿಟರ್ನ್ ರೋಲರಿಗೋ ಕೆಸರು ಮೆತ್ತಿದೆ, ಅಂದರೆ ಮತ್ತೆ ಸ್ಕ್ರೇಪರಿಗೇ ಬಂದೆವು. ಟೇಲಿನ ಟೇಕಪ್ ಸ್ಕ್ರೂ ತಿರುಗಿಸಿ ಬೆಲ್ಟು ನೇರ ಮಾಡುವುದನ್ನು ಬಿಡಿಸಬೇಕು. ಸ್ಕ್ರೂ ಇರುವುದು ಬಿಗಿತಕ್ಕೆ. ಒಂದು ಪಕ್ಕ ಬಿಗಿದು ಒಂದು ಪಕ್ಕ ಸಡಿಲ ಬಿಟ್ಟ ಬೆಲ್ಟಿನ ಅಂಚು ಬೇಗ ಹರಿಯುತ್ತದೆ, ಬೇರಿಂಗ್ ಮೇಲಿನ ಭಾರವೂ ಏರುಪೇರಾಗುತ್ತದೆ.

ರೋಲರುಗಳ ಲೆಕ್ಕ ಕೇಳಿದರೆ ಅವುಗಳ ಮೇಲೆ ಕಣ್ಣಿಡುವುದು ಏಕೆ ಕಷ್ಟ ಎಂದು ಗೊತ್ತಾಗುತ್ತದೆ. 300 ಮೀಟರ್ ಉದ್ದದ ಕನ್ವೇಯರಿನಲ್ಲಿ ಮೇಲಿನ ಸಾಲಿಗೆ ಮೀಟರಿಗೊಂದು ಸೆಟ್, ಸೆಟ್ಟಿಗೆ ಮೂರು ರೋಲರ್, ಒಟ್ಟು 900. ಕೆಳಗೆ 3 ಮೀಟರಿಗೊಂದರಂತೆ 100. ಸಾವಿರ ರೋಲರು, ಎರಡು ಸಾವಿರ ಬೇರಿಂಗ್. ಇವುಗಳ ಸೀಲು ಸವೆದು ದೂಳು, ನೀರು ಒಳಗೆ ಹೋದರೆ ಗ್ರೀಸು ಕೆಟ್ಟು ಬೇರಿಂಗ್ ಒಣಗುತ್ತದೆ. ಪೈಪಿನಿಂದ ಜೋರಾಗಿ ನೀರು ಹೊಡೆದು ಕನ್ವೇಯರ್ ತೊಳೆಯುವ ಕಡೆ ಇದು ಇನ್ನೂ ಬೇಗ. ಕೀಚು ದನಿ ಬಂದರೆ ಬೇರಿಂಗ್ ಒಣಗಿದೆ. ಗರಗರ ಸದ್ದು ಬಂದರೆ ಒಡೆದಿದೆ. ಸದ್ದೇ ಇಲ್ಲದೆ ನಿಂತ ರೋಲರ್ ಎಲ್ಲಕ್ಕಿಂತ ಅಪಾಯಕಾರಿ. ತಿರುಗದ ಅದರ ಮೈಯನ್ನು ಬೆಲ್ಟು ಹಗಲೂ ರಾತ್ರಿ ಒಂದೇ ಕಡೆ ಉಜ್ಜುತ್ತದೆ. ಅಲ್ಲಿ ಮೊದಲು ಹೊಳೆಯುವ ಚಪ್ಪಟೆ ಪಟ್ಟಿ ಮೂಡುತ್ತದೆ, ಸುತ್ತ ತುಕ್ಕು ಹಿಡಿದಿದ್ದರೂ ಆ ಪಟ್ಟಿ ಮಾತ್ರ ಬೆಳ್ಳಗಿರುತ್ತದೆ. ಕೆಲವೇ ಮಿ.ಮೀ. ದಪ್ಪದ ಪೈಪು ಸವೆದು ತೂತಾದಾಗ ಅದರ ಅಂಚು ಬ್ಲೇಡಿನಷ್ಟು ಹರಿತವಾಗಿರುತ್ತದೆ. ನಾಲ್ಕಾರು ಸಾವಿರ ರೂಪಾಯಿಯೊಳಗಿನ ರೋಲರ್ ಬದಲಿಸದೆ ಬಿಟ್ಟದ್ದಕ್ಕೆ ನೂರಾರು ಮೀಟರ್ ಬೆಲ್ಟು ಸೀಳಿ ಹೋಗುವುದು ಹೀಗೆ.

ಶಿಫ್ಟಿಗೊಮ್ಮೆ ಬೆಲ್ಟಿನ ಉದ್ದಕ್ಕೂ ನಡೆಯುವ ಮನುಷ್ಯ, ಅವನ ಕೈಯಲ್ಲಿ ಇನ್‌ಫ್ರಾರೆಡ್ ಥರ್ಮಾಮೀಟರ್, ಪ್ರತಿ ಫ್ರೇಮಿನ ಮೇಲೆ ಪೇಂಟಿನಲ್ಲಿ ಬರೆದ ನಂಬರು, ಒಂದು ನೋಟ್ ಪುಸ್ತಕ. ಇಷ್ಟಿದ್ದರೆ ಸಾವಿರ ರೋಲರನ್ನೂ ಕಾಯಬಹುದು. ಅಕ್ಕಪಕ್ಕದ ರೋಲರಿಗಿಂತ 20 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಕಂಡರೆ ಗುರುತು ಹಾಕಿ ಮುಂದಿನ ನಿಲುಗಡೆಯಲ್ಲಿ ಬದಲಿಸಬೇಕು. ತಿರುಗದೆ ನಿಂತದ್ದಾದರೆ ಆ ಶಿಫ್ಟಿನಲ್ಲೇ ಬದಲಿಸಬೇಕು. ಈಗ ಸೆನ್ಸರು, ಕ್ಯಾಮೆರಾ, ಕೃತಕ ಬುದ್ಧಿಮತ್ತೆ ಎಂದು ಮಾರುವವರು ಬಹಳ. ಕಿಲೋಮೀಟರುಗಟ್ಟಲೆ ಉದ್ದದ ಸ್ಟೀಲ್ ಕಾರ್ಡ್ ಬೆಲ್ಟಿಗೆ ಒಳಗಿನ ತಂತಿ ತುಂಡಾದದ್ದನ್ನು ಕಾಂತದಿಂದ ಪತ್ತೆ ಹಚ್ಚುವ ಸ್ಕ್ಯಾನರ್ ನಿಜಕ್ಕೂ ಬೇಕು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಆದರೆ ನಡೆದು ನೋಡುವವನನ್ನು ತೆಗೆದು ಆ ಜಾಗಕ್ಕೆ ಸೆನ್ಸರ್ ಹಾಕುವುದನ್ನು ನಾವು ಒಪ್ಪುವುದಿಲ್ಲ. ಸೆನ್ಸರ್ ಬಿಸಿ ತೋರಿಸುತ್ತದೆ. ಪ್ಲೋದ ಪಿನ್ನು ಅರ್ಧ ಸವೆದದ್ದನ್ನು, ಸ್ಕರ್ಟಿನ ಬೋಲ್ಟು ಬಿದ್ದುಹೋದದ್ದನ್ನು ತೋರಿಸುವುದಿಲ್ಲ.

ಬೆಂಕಿಯ ವಿಷಯದಲ್ಲಿ ಒಂದು ಮಾತು ಎಲ್ಲರಿಗೂ ಗೊತ್ತಿರಬೇಕು. ಕಾದ ರೋಲರಿನ ಮೇಲೆ ಬೆಲ್ಟು ಓಡುತ್ತಿರುವಷ್ಟು ಹೊತ್ತು ಶಾಖ ಬೆಲ್ಟಿನ ಜೊತೆ ಹಂಚಿಹೋಗುತ್ತದೆ. ಬೆಲ್ಟು ನಿಂತಾಗ ಅದೇ ಶಾಖ ರಬ್ಬರಿನ ಒಂದೇ ಜಾಗಕ್ಕೆ, ಸುತ್ತ ಕೂತ ಕಲ್ಲಿದ್ದಲಿನ ಅಥವಾ ಬಗಾಸಿನ ಪುಡಿಗೆ ತಾಗುತ್ತದೆ. ಅದಕ್ಕೇ ಹೊತ್ತುವ ಅಪಾಯ ಹೆಚ್ಚಿರುವುದು ಬೆಲ್ಟು ನಿಲ್ಲಿಸಿ ಎಲ್ಲರೂ ಊಟಕ್ಕೆ ಹೋದ ಮೇಲೆ. ಕಲ್ಲಿದ್ದಲು ಮತ್ತು ಬಗಾಸ್ ಬೆಲ್ಟುಗಳನ್ನು ಖಾಲಿ ಓಡಿಸಿಯೇ ನಿಲ್ಲಿಸಬೇಕು, ನಿಲ್ಲಿಸಿದ ಅರ್ಧ ಗಂಟೆಯೊಳಗೆ ಒಬ್ಬರು ಉದ್ದಕ್ಕೂ ನಡೆದು ನೋಡಲೇಬೇಕು. ಬೆಂಕಿನಿರೋಧಕ ಬೆಲ್ಟು ಹಾಕಿದ್ದೇವೆ ಎಂಬುದು ಪೂರ್ತಿ ಉತ್ತರ ಆಗುವುದಿಲ್ಲ. ಅಂಥ ಬೆಲ್ಟು ಜ್ವಾಲೆ ತೆಗೆದಾಗ ತಾನಾಗಿ ಆರುತ್ತದೆ. ಸುತ್ತಲಿನ ಪುಡಿ ಉರಿಯುತ್ತಲೇ ಇದ್ದರೆ ಅದೂ ಉರಿಯುತ್ತದೆ.

1950ರ ಸೆಪ್ಟೆಂಬರ್ 26ರಂದು ಇಂಗ್ಲೆಂಡಿನ ಡರ್ಬಿಶೈರ್‌ನ ಕ್ರೆಸ್‌ವೆಲ್ ಕಲ್ಲಿದ್ದಲು ಗಣಿಯಲ್ಲಿ ಒಂದು ಬೆಲ್ಟಿನಿಂದ ಇನ್ನೊಂದಕ್ಕೆ ಮಾಲು ಸುರಿಯುವ ಕಡೆ ಹರಿದ ಬೆಲ್ಟಿನ ತುಂಡು ಶೂಟಿನಲ್ಲಿ ಸಿಕ್ಕಿಕೊಂಡು, ಉಜ್ಜಿ ಕಾದು, ಹೊತ್ತಿಕೊಂಡಿತು. 80 ಜನ ಸತ್ತರು. 2006ರ ಜನವರಿ 19ರಂದು ಅಮೆರಿಕದ ವೆಸ್ಟ್ ವರ್ಜೀನಿಯಾದ ಅರಕೋಮ ಆಲ್ಮ ಗಣಿಯಲ್ಲಿ ಪಕ್ಕಕ್ಕೆ ಸರಿದ ಬೆಲ್ಟು ಟೇಕಪ್ ಘಟಕದಲ್ಲಿ ಉಜ್ಜಿ ಬೆಂಕಿ ಹತ್ತಿತು. ಇಬ್ಬರು ಗಣಿ ಕಾರ್ಮಿಕರು ಹೊರಬರಲಾಗಲಿಲ್ಲ. ಎರಡರ ನಡುವೆ 55 ವರ್ಷಗಳ ಅಂತರ. ಎರಡಕ್ಕೂ ಕಾರಣ ಮಾತ್ರ ಇಲ್ಲಿ ಬರೆಯುತ್ತಿರುವ ಸಾಮಾನ್ಯ ಕೆಡುಕುಗಳೇ: ಹರಿದ ಬೆಲ್ಟು, ಸರಿದ ಬೆಲ್ಟು.

ಝೀರೋ ಸ್ಪೀಡ್ ಸ್ವಿಚ್ಚಿನ ಕೆಲಸ ಬೆಲ್ಟು ನಿಂತಾಗ ಉಜ್ಜಿ ಹೊತ್ತುವ ಬೆಂಕಿಯನ್ನು ತಡೆಯುವುದು. ಬೆಲ್ಟು ನಿಂತು, ಮೋಟಾರ್ ತಿರುಗಿಸುವ ಡ್ರೈವ್ ಪುಲ್ಲಿ ಮಾತ್ರ ತಿರುಗುತ್ತಿದ್ದರೆ ಆ ಉಜ್ಜಾಟಕ್ಕೇ ರಬ್ಬರ್ ಹೊತ್ತುತ್ತದೆ, ಆದ್ದರಿಂದ ವೇಗ ಮಾಮೂಲಿನ 80 ಶೇಕಡಾಕ್ಕಿಂತ ಕೆಳಗಿಳಿದರೆ ಮೋಟಾರ್ ಟ್ರಿಪ್ ಆಗಬೇಕು. ಆದರೆ ಎಷ್ಟೋ ಕಡೆ ಈ ಸ್ವಿಚ್ಚನ್ನು ಕೇಬಲ್ ಹತ್ತಿರ ಎಂದು ಡ್ರೈವ್ ಪುಲ್ಲಿಯ ಶಾಫ್ಟಿಗೇ ಕೂರಿಸಿರುತ್ತಾರೆ. ಬೆಲ್ಟು ಜಾರಿದರೂ ಆ ಶಾಫ್ಟು ತಿರುಗುತ್ತಲೇ ಇರುತ್ತದೆ, ಸ್ವಿಚ್ಚು ಎಲ್ಲ ಸರಿ ಇದೆ ಎನ್ನುತ್ತದೆ. ಅದು ಇರಬೇಕಾದದ್ದು ಬೆಲ್ಟಿನಿಂದಲೇ ತಿರುಗುವ ಟೇಲ್ ಪುಲ್ಲಿಯ ಮೇಲೆ. ನಿರೀಕ್ಷಕರಿಗೆ ಇದನ್ನು ನೋಡಲು ಒಂದು ನಿಮಿಷ ಸಾಕು.

ಪುಲ್ ಕಾರ್ಡಿನದು ಇನ್ನೊಂದು ಕಥೆ. ಸುಮಾರು 30 ಮೀಟರಿಗೊಂದು ಸ್ವಿಚ್ಚು, ಜನ ಓಡಾಡುವ ಎರಡೂ ಪಕ್ಕ ಹಗ್ಗ ಇದ್ದರೆ ತಪಾಸಣೆಯ ನಮೂನೆಯಲ್ಲಿ 'ಇದೆ' ಎಂದು ಟಿಕ್ ಬೀಳುತ್ತದೆ. ಹಗ್ಗ ಜೋತು ಬಿದ್ದಿದ್ದರೆ, ಹಾಯುವ ರಿಂಗು ತುಕ್ಕು ಹಿಡಿದಿದ್ದರೆ, ಅದರ ಮೇಲೆ ಕಾರ್ಮಿಕರ ಅಂಗಿ ಒಣಗುತ್ತಿದ್ದರೆ, ಎಳೆದವನ ಕೈಗೆ ಹಗ್ಗ ಬರುತ್ತದೆಯೇ ಹೊರತು ಬೆಲ್ಟು ನಿಲ್ಲುವುದಿಲ್ಲ. ಪರೀಕ್ಷೆ ಮಾಡುವವರು ಸ್ವಿಚ್ಚಿನ ಪಕ್ಕದಲ್ಲೇ ನಿಂತು ಎಳೆಯುತ್ತಾರೆ, ಅಲ್ಲಿ ಅದು ಯಾವಾಗಲೂ ಕೆಲಸ ಮಾಡುತ್ತದೆ. ಎಳೆಯಬೇಕಾದದ್ದು ಎರಡು ಸ್ವಿಚ್ಚುಗಳ ನಡುಮಧ್ಯೆ, ಒಂದು ಕೈಯಿಂದ. ಟ್ರಿಪ್ ಆದ ಸ್ವಿಚ್ಚನ್ನು ಅದರ ಜಾಗಕ್ಕೇ ಹೋಗಿ ರೀಸೆಟ್ ಮಾಡಬೇಕು, ರೀಸೆಟ್ ಮಾಡಿದೊಡನೆ ಬೆಲ್ಟು ತಾನಾಗಿ ಹೊರಡಬಾರದು. ಕಂಟ್ರೋಲ್ ರೂಮಿನಿಂದ ಮತ್ತೆ ಸೈರನ್ ಹೊಡೆದು, ಜನ ಸರಿಯಲು ಹೊತ್ತು ಕೊಟ್ಟು, ಆಮೇಲೆ ಸ್ಟಾರ್ಟ್ ಆಗಬೇಕು.

ಈ ಸ್ವಿಚ್ಚುಗಳನ್ನು ಬೈಪಾಸ್ ಮಾಡುವ, ಅಂದರೆ ಕೆಲಸ ಮಾಡದಂತೆ ತಪ್ಪಿಸುವ ಆಪರೇಟರನ್ನು ಬೈಯುವುದು ಸುಲಭ. ಅವನು ಏಕೆ ಬೈಪಾಸ್ ಮಾಡುತ್ತಾನೆ ಎಂದು ಕೇಳಿದರೆ ಉತ್ತರ ಜಂಕ್ಷನ್ ಬಾಕ್ಸಿನಲ್ಲಿದೆ. ಕೇಬಲ್ ಒಳಹೋಗುವ ಬಾಯಿಯ ಗ್ಲ್ಯಾಂಡ್ ಸಡಿಲವಾಗಿ ಮಳೆನೀರು ಒಳಗೆ ಇಳಿದಿರುತ್ತದೆ, ಸ್ವಿಚ್ಚು ಕಾರಣವಿಲ್ಲದೆ ರಾತ್ರಿ ನಾಲ್ಕು ಸಲ ಟ್ರಿಪ್ ಆಗಿರುತ್ತದೆ, ಮೇಲಿನಿಂದ ಫೋನ್ ಬಂದಿರುತ್ತದೆ. ಆಗ ಒಂದು ತುಂಡು ವೈರ್ ಹಾಕಿ ಲೂಪ್ ಮಾಡುತ್ತಾರೆ. ಹೊಸ ಪ್ಲಾಂಟಿನಲ್ಲಿ ಬೆಲ್ಟನ್ನು ನಿಯಂತ್ರಿಸುವ ಕಂಪ್ಯೂಟರಾದ ಪಿಎಲ್‌ಸಿಯಲ್ಲೇ ಫೋರ್ಸ್ ಕೊಡುತ್ತಾರೆ, ಅಂದರೆ ಸ್ವಿಚ್ಚು ಸರಿ ಇದೆ ಎಂದು ಬಲವಂತವಾಗಿ ತೋರಿಸುತ್ತಾರೆ, ಅದು ಹೊರಗೆ ಕಾಣುವುದೂ ಇಲ್ಲ. ಬೈಪಾಸಿಗೆ ರಿಜಿಸ್ಟರ್ ಇರಬೇಕು: ಯಾವ ಸ್ವಿಚ್ಚು, ಯಾರ ಸಹಿ, ಯಾವ ಗಂಟೆಗೆ, ತೆಗೆದದ್ದು ಯಾವಾಗ. ಒಂದು ಶಿಫ್ಟು ದಾಟಿದರೆ ಫ್ಯಾಕ್ಟರಿ ಮ್ಯಾನೇಜರರ ಸಹಿ ಬೇಕು. ಪಿಎಲ್‌ಸಿಯ ಫೋರ್ಸ್ ಪಟ್ಟಿಯನ್ನು ನಿರೀಕ್ಷಕರು ಪರದೆಯ ಮೇಲೆ ತೆರೆಸಿ ನೋಡಬೇಕು.

ಜಾಯಿಂಟ್ ಬಗ್ಗೆ ಸ್ವಲ್ಪ ವಿವರ ಬೇಕು, ಏಕೆಂದರೆ ಬೆಲ್ಟು ಹರಿಯುವುದು ಬಹುಪಾಲು ಅಲ್ಲೇ. ನಾಲ್ಕು ಪದರದ ಬೆಲ್ಟಿಗೆ ಮೆಟ್ಟಿಲು ಮೆಟ್ಟಿಲಾಗಿ ಪದರ ಬಿಡಿಸಿ ಹಾಟ್ ಜಾಯಿಂಟ್ (ಬಿಸಿ ಪ್ರೆಸ್ಸಿನಲ್ಲಿ ಒತ್ತಿ ಮಾಡುವ ಜೋಡಣೆ) ಮಾಡಿದಾಗ, ಎಷ್ಟೇ ಚೆನ್ನಾಗಿ ಮಾಡಿದರೂ ಮೂರು ಪದರದ ಬಲ ಉಳಿಯುತ್ತದೆ, ಅಂದರೆ 75 ಶೇಕಡಾ. ಪದರ ಬಿಡಿಸುವಾಗ ಚಾಕು ಆಳಕ್ಕೆ ಹೋಗಿ ಕೆಳಗಿನ ಪದರಕ್ಕೆ ಗೀರು ಬಿದ್ದರೆ ಅದು ಅರ್ಧಕ್ಕೆ ಇಳಿಯುತ್ತದೆ. ಮೇಲೆ ರಬ್ಬರ್ ಮುಚ್ಚಿದ ಮೇಲೆ ಆ ಗೀರು ಯಾರಿಗೂ ಕಾಣದು. ಜಾಯಿಂಟ್ ಓರೆಯಾಗಿರಬೇಕು: 1000 ಮಿ.ಮೀ. ಅಗಲದ ಬೆಲ್ಟಿಗೆ ಸುಮಾರು 400 ಮಿ.ಮೀ. ಓರೆ, ಕೋನದಲ್ಲಿ 22 ಡಿಗ್ರಿ. ಎರಡೂ ತುದಿಯ ನಡುಗೆರೆಯನ್ನು ಹಲವು ಮೀಟರ್ ಹಿಂದಿನಿಂದ ದಾರ ಹಿಡಿದು ಗುರುತಿಸಬೇಕು, ಅಂಚು ನೋಡಿ ಅಂದಾಜು ಮಾಡಿದರೆ ಸೊಟ್ಟ ಜಾಯಿಂಟ್ ಖಂಡಿತ. ಸೊಲ್ಯೂಷನ್ (ರಬ್ಬರ್ ಅಂಟು) ಹಚ್ಚಿದ ಮೇಲೆ ಬೆರಳಿನ ಹಿಂಬದಿಯಿಂದ ಮುಟ್ಟಿದರೆ ಜಿಗುಟು ತಿಳಿಯಬೇಕು, ಬೆರಳಿಗೆ ಅಂಟಿ ಬರಬಾರದು. ಮಳೆಗಾಲದಲ್ಲಿ ಟಾರ್ಪಾಲಿನ್ ಗುಡಾರ ಹಾಕದೆ ಜಾಯಿಂಟ್ ಮಾಡಿದರೆ ತೇವ ಒಳಗೆ ಉಳಿದು ಗುಳ್ಳೆ ಏಳುತ್ತದೆ. ಪ್ರೆಸ್ಸಿನಲ್ಲಿ 145 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ, ಚದರ ಸೆಂಟಿಮೀಟರಿಗೆ 7 ಕಿಲೋ ಒತ್ತಡ, ಬೆಲ್ಟಿನ ದಪ್ಪಕ್ಕೆ ತಕ್ಕಂತೆ ತಯಾರಕರು ಹೇಳಿದಷ್ಟು ಹೊತ್ತು. ಆಮೇಲೆ ಒತ್ತಡ ಇಳಿಸದೆ 60 ಡಿಗ್ರಿಗಿಂತ ಕೆಳಗೆ ತಣಿಯಲು ಬಿಡಬೇಕು. ಕೆಲಸ ಕೆಡುವುದು ಹೆಚ್ಚಾಗಿ ಈ ಕೊನೆಯ ಹಂತದಲ್ಲಿ. 'ಎಷ್ಟೊತ್ತಿಗೆ ಕೊಡ್ತೀರಿ' ಎಂದು ಹತ್ತು ನಿಮಿಷಕ್ಕೊಮ್ಮೆ ಫೋನ್ ಬಂದರೆ ಪ್ರೆಸ್ಸು ಬಿಸಿ ಇರುವಾಗಲೇ ಬಿಚ್ಚುತ್ತಾರೆ, ಪದರಗಳ ನಡುವೆ ಗಾಳಿ ಉಬ್ಬಿ ಜಾಯಿಂಟ್ ಬಿಡಲು ಶುರುವಾಗುತ್ತದೆ.

ಪ್ರತಿ ಜಾಯಿಂಟಿಗೂ ನಂಬರು, ಮಾಡಿದ ದಿನಾಂಕ ಇರಲಿ. ಜಾಯಿಂಟಿನ ಎರಡೂ ಪಕ್ಕ ಬಿಳಿ ಪೇಂಟಿನಲ್ಲಿ ಗೆರೆ ಎಳೆದು ನಡುವಿನ ಅಂತರ ಅಳೆದು ಬರೆದಿಡಿ. ವಾರದ ನಿಲುಗಡೆಯಲ್ಲಿ ಮತ್ತೆ ಅಳೆಯಿರಿ. ಅಂತರ ಹೆಚ್ಚುತ್ತಿದ್ದರೆ ಜಾಯಿಂಟ್ ಜಾರುತ್ತಿದೆ. ಹರಿಯುವ ಮೊದಲೇ ತಿಳಿದುಕೊಳ್ಳಲು ಇದಕ್ಕಿಂತ ಅಗ್ಗದ ಉಪಾಯ ಇಲ್ಲ.

ನಿಲ್ಲಿಸಿ ಕೆಲಸ ಮಾಡುವಾಗಲೂ ಜೀವ ಹೋಗುತ್ತದೆ. ಸ್ಟಾಪ್ ಬಟನ್ ಒತ್ತುವುದು, ಪುಲ್ ಕಾರ್ಡ್ ಎಳೆದು ಇಡುವುದು ಬೀಗಕ್ಕೆ ಸಮ ಅಲ್ಲ. ಮೋಟಾರಿನ ಫೀಡರ್ ಐಸೊಲೇಟ್ ಮಾಡಿ, ಅಂದರೆ ವಿದ್ಯುತ್ ಬರುವ ದಾರಿಯನ್ನೇ ಕಡಿದು, ಕೆಲಸಕ್ಕಿಳಿಯುವ ಪ್ರತಿಯೊಬ್ಬರೂ ತಮ್ಮದೇ ಬೀಗ ಹಾಕಿ, ಕೀ ತಮ್ಮ ಜೇಬಿನಲ್ಲೇ ಇಟ್ಟುಕೊಂಡು, ಆಮೇಲೆ ಲೋಕಲ್ ಪ್ಯಾನೆಲಿನಲ್ಲಿ ಸ್ಟಾರ್ಟ್ ಒತ್ತಿ ಹೊರಡುವುದಿಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಐದು ಜನ ಇದ್ದರೆ ಐದು ಬೀಗ. ವಿದ್ಯುತ್ ತೆಗೆದರೂ ಎರಡು ಶಕ್ತಿ ಉಳಿದಿರುತ್ತವೆ. ಒಂದು, ಟೇಕಪ್ಪಿನ ಕೌಂಟರ್‌ವೇಟ್: ಬೆಲ್ಟನ್ನು ಬಿಗಿಯಾಗಿಡಲು ತೂಗುಬಿಟ್ಟ ಈ ಭಾರವನ್ನು ಬೆಲ್ಟು ಕತ್ತರಿಸುವ ಮೊದಲು ಚೈನ್ ಬ್ಲಾಕಿನಿಂದ ಎತ್ತಿ ಕಟ್ಟಬೇಕು. ಎರಡು, ಇಳಿಜಾರಿನ ಬೆಲ್ಟಿನ ಮೇಲಿನ ಮಾಲು: ಹೋಲ್ಡ್‌ಬ್ಯಾಕ್ (ಬೆಲ್ಟು ಹಿಂದಕ್ಕೆ ಓಡದಂತೆ ಹಿಡಿಯುವ ಸಾಧನ) ಇದೆ ಎಂಬ ನಂಬಿಕೆಯ ಮೇಲೆ ಗೇರ್ ಬಾಕ್ಸಿನ ಕಪ್ಲಿಂಗ್ ಬಿಚ್ಚಿದರೆ, ಹೋಲ್ಡ್‌ಬ್ಯಾಕ್ ಇರುವುದು ಗೇರ್ ಬಾಕ್ಸಿನ ಕಡೆಯೇ ಆಗಿದ್ದ ಪಕ್ಷದಲ್ಲಿ, ಇಡೀ ಬೆಲ್ಟು ಹಿಂದಕ್ಕೆ ಓಡುತ್ತದೆ. ಬೆಲ್ಟಿಗೆ ಕ್ಲ್ಯಾಂಪ್ ಹಾಕಿ ಸ್ಟ್ರಕ್ಚರಿಗೆ ಕಟ್ಟಿದ ಮೇಲೆಯೇ ಕಪ್ಲಿಂಗಿಗೆ ಕೈ ಹಾಕಬೇಕು.

ಇನ್ನು ಕಾನೂನು. 1948ರ ಕಾರ್ಖಾನೆ ಕಾಯಿದೆಯ 21ನೇ ಕಲಂ ಗಾರ್ಡ್ ಬಗ್ಗೆ, 22ನೇ ಕಲಂ ಚಲಿಸುವ ಯಂತ್ರದ ಹತ್ತಿರದ ಕೆಲಸದ ಬಗ್ಗೆ ಹೇಳಿದ್ದವು. ಓಡುವಾಗಲೇ ಪರೀಕ್ಷಿಸಲೇಬೇಕಾದ ಸಂದರ್ಭದಲ್ಲಿ ವಿಶೇಷ ತರಬೇತಿ ಪಡೆದು, ಬಿಗಿಯುಡುಪು ತೊಟ್ಟ, ರಿಜಿಸ್ಟರಿನಲ್ಲಿ ಹೆಸರಿರುವ ವಯಸ್ಕ ಕಾರ್ಮಿಕ ಮಾತ್ರ ಹತ್ತಿರ ಹೋಗಬಹುದು ಎಂಬುದು 22ನೇ ಕಲಮಿನ ಸಾರ. ನಿನ್ನೆ ಸೇರಿದ, ಹೆಸರೇ ಎಲ್ಲೂ ಇಲ್ಲದ ಹೆಲ್ಪರನನ್ನು ಟೇಲಿಗೆ ಕಳಿಸುವುದು ಅಂದೂ ತಪ್ಪಾಗಿತ್ತು. ಈಗ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ವಿದ್ಯುತ್ ಬಳಸುವ ಕಾರ್ಖಾನೆ ಎನಿಸಿಕೊಳ್ಳುವ ಮಿತಿ 10 ಕಾರ್ಮಿಕರಿಂದ 20ಕ್ಕೆ ಏರಿದೆ. ಒಂದು ಸಾಧಾರಣ ಜಲ್ಲಿ ಕ್ರಷರಿನಲ್ಲಿ 20 ಜನ ಇರುವುದಿಲ್ಲ. ಬೆಲ್ಟುಗಳು ಮಾತ್ರ ಐದಾರು ಇರುತ್ತವೆ, ಟೇಲ್ ಗಾರ್ಡು ಬಹಳ ಕಡೆ ಇರುವುದಿಲ್ಲ, ಪುಲ್ ಕಾರ್ಡಿನ ಹೆಸರೂ ಗೊತ್ತಿರುವುದಿಲ್ಲ. ಕ್ರಷರಿಗೆ ಲೈಸೆನ್ಸು, ಸಮ್ಮತಿ ಕೊಡುವ ಅಧಿಕಾರಿಗಳು ದೂಳು ನೋಡುತ್ತಾರೆ, ರಸ್ತೆಯಿಂದ, ಊರಿನಿಂದ ದೂರ ನೋಡುತ್ತಾರೆ. ನಿಮ್ಮ ಇಲಾಖೆ ಅವರೊಂದಿಗೆ ಮಾತಾಡಿ ಟೇಲ್ ಗಾರ್ಡು, ಪುಲ್ ಕಾರ್ಡು, ಬೀಗ ಹಾಕಬಹುದಾದ ಐಸೊಲೇಟರು, ಈ ಮೂರನ್ನು ಲೈಸೆನ್ಸಿನ ಷರತ್ತಾಗಿ ಸೇರಿಸಬೇಕು. ದೂಳು ತಡೆಯಲು ಬೆಲ್ಟಿಗೆ ತಗಡು ಮುಚ್ಚಿಸುವಾಗಲೂ ಒಂದು ಎಚ್ಚರ ಬೇಕು: ಬೋಲ್ಟು ಹಾಕಿ ಮುಚ್ಚಿದ ತಗಡಿನ ಕೆಳಗೆ ಯಾವ ರೋಲರ್ ನಿಂತಿದೆ ಎಂದು ಯಾರೂ ನೋಡಲಾರರು. ಹಿಂಜ್ ಇರುವ ಮುಚ್ಚಳ ಬೇಕು.

ಕನ್ವೇಯರ್ ಸುರಕ್ಷತೆಗೆ ಐಎಸ್ 7155, ವಿನ್ಯಾಸಕ್ಕೆ ಐಎಸ್ 11592, ಐಡ್ಲರಿಗೆ ಐಎಸ್ 8598 ಎಂಬ ಭಾರತೀಯ ಮಾನಕಗಳು ಬಹಳ ಹಿಂದಿನಿಂದ ಇವೆ. ಹೊಸದಾಗಿ ಬರೆಯಬೇಕಾದದ್ದು ಹೆಚ್ಚಿಲ್ಲ. ಬದಲಾಗಬೇಕಾದದ್ದು ತಪಾಸಣೆಯ ರೀತಿ. ನಿರೀಕ್ಷಕರು ಬಂದಾಗ ಬೆಲ್ಟು ಓಡುತ್ತಿರಲಿ. ಟೇಲಿನಿಂದ ಹೆಡ್ಡಿನವರೆಗೆ ಒಮ್ಮೆ ನಡೆಯಲಿ. ತಾವೇ ಆರಿಸಿದ ಜಾಗದಲ್ಲಿ, ಎರಡು ಸ್ವಿಚ್ಚುಗಳ ನಡುವೆ ಹಗ್ಗ ಎಳೆಸಲಿ, ಬೆಲ್ಟು ನಿಲ್ಲಲು ಹಿಡಿದ ಸೆಕೆಂಡು ಬರೆದುಕೊಳ್ಳಲಿ. ಟೇಲಿನ ಕೆಳಗೆ ಪುಡಿ ರಿಟರ್ನ್ ಬೆಲ್ಟಿಗೆ ತಾಗುವಷ್ಟು ಬೆಳೆದಿದ್ದರೆ, ಗಾರ್ಡು ಎಷ್ಟೇ ಚೆಂದ ಇದ್ದರೂ, ಅದನ್ನೇ ಉಲ್ಲಂಘನೆ ಎಂದು ದಾಖಲಿಸಲಿ. ಏಕೆಂದರೆ ನಾಳೆ ಆ ಗಾರ್ಡು ಬಿಚ್ಚಲೇಬೇಕಾಗುತ್ತದೆ. ಬೀಗಗಳು ಎಷ್ಟಿವೆ, ಆ ಶಿಫ್ಟಿನಲ್ಲಿ ಬೆಲ್ಟಿನ ಕೆಲಸಕ್ಕಿರುವ ಜನ ಎಷ್ಟು, ಎರಡನ್ನೂ ಎಣಿಸಲಿ. ಗುತ್ತಿಗೆದಾರನ ಆಳು, ಕಂಪನಿಯ ಆಳು ಎಂಬ ಭೇದ ಬೀಗಕ್ಕೆ ಇರಬಾರದು. ಎಚ್ಚರಿಕೆಯ ಹಾಳೆ ಕನ್ನಡದಲ್ಲಿರಲಿ, ಜೊತೆಗೆ ಅಲ್ಲಿ ಕೆಲಸ ಮಾಡುವವರ ಭಾಷೆಯಲ್ಲಿ, ಹಿಂದಿ, ತೆಲುಗು, ಒಡಿಯಾ ಯಾವುದಾದರೂ ಸರಿ, ಚಿತ್ರದೊಂದಿಗೆ ಇರಲಿ. ಅಪಘಾತದ ತನಿಖಾ ವರದಿಯಲ್ಲಿ 'ಕಾರ್ಮಿಕನ ಅಜಾಗರೂಕತೆ' ಎಂದು ಬರೆಯುವ ಮೊದಲು ಹಿಂದಿನ 30 ದಿನಗಳ ಸ್ಕ್ರೇಪರ್, ಸ್ಕರ್ಟ್, ಜಾಯಿಂಟ್ ದಾಖಲೆಗಳನ್ನು ಲಗತ್ತಿಸುವುದು ಕಡ್ಡಾಯವಾಗಲಿ.

ಇದನ್ನು ಸಕ್ಕರೆ ಕಾರ್ಖಾನೆಗಳಿಂದ ಶುರು ಮಾಡಬಹುದು ಎಂದು ನಮ್ಮ ಸಲಹೆ. ಕಬ್ಬು ನುರಿಸುವುದು ನಿಂತಿರುವ ತಿಂಗಳುಗಳಲ್ಲಿ ಅಲ್ಲಿ ಬೆಲ್ಟುಗಳೂ ನಿಂತಿರುತ್ತವೆ, ಓವರ್‌ಹಾಲ್ ನಡೆದಿರುತ್ತದೆ, ಗಾರ್ಡು, ಸ್ವಿಚ್ಚು, ಬ್ಲೇಡು ಬದಲಿಸಲು ಉತ್ಪಾದನೆಯ ನೆಪ ಯಾರೂ ಹೇಳುವಂತಿಲ್ಲ. ಹಂಗಾಮು ಶುರುವಾಗುವ ಮೊದಲು, ಸೆಪ್ಟೆಂಬರ್ ಒಳಗೆ, ಬಗಾಸ್ ಬೆಲ್ಟುಗಳನ್ನು ಖಾಲಿ ಓಡಿಸಿ ಹಗ್ಗ ಎಳೆದು ನೋಡುವ ಒಂದು ಸುತ್ತಿನ ತಪಾಸಣೆಗೆ ಆದೇಶ ಹೊರಡಿಸಬೇಕೆಂದು ಕೋರುತ್ತೇವೆ. ತಪಾಸಣೆಯ ನಮೂನೆ ಸಿದ್ಧಪಡಿಸಲು, ನಿರೀಕ್ಷಕರ ಜೊತೆ ಬೆಲ್ಟಿನ ಉದ್ದಕ್ಕೂ ನಡೆದು ತೋರಿಸಲು ನಾವು ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕನ್ವೇಯರ್ ನಿರ್ವಹಣೆಯ ಕೆಲಸದಲ್ಲಿರುವ ಫಿಟ್ಟರುಗಳು, ಎಲೆಕ್ಟ್ರಿಷಿಯನ್ನರು ಮತ್ತು ಮೇಲ್ವಿಚಾರಕರು